ಬಾಗಿಲ ಪಕ್ಕದ ಮೇಜಿನ ಹೆಸರು

ಮನೆಯಿಂದ,
ಸೋಮವಾರ ಸಂಜೆ

ಪ್ರೀತಿಯ ತಮ್ಮನಿಗೆ,

ನಿನ್ನ ದೂರು ಗೆದ್ದಿದೆ. ಇಂದು ಬೆಳಿಗ್ಗೆಯಿಂದ ಮರಗೆಲಸದವರ ಸಂಘದ ಶೆಡ್ಡಿನಲ್ಲಿ ಯಾರೂ ಯಾರನ್ನೂ ‘ತೇಲುಮರ’ ಎಂದು ಕರೆಯುವಂತಿಲ್ಲ. ತೇಲಿಬಂದವನು, ತೇಲಣ್ಣ, ತೇಲಕ್ಕ ಎಂಬ ಅದರ ಮರಿಗಳನ್ನೂ ಬಾಯಿಗೆ ತರುವಂತಿಲ್ಲ. ಶನಿವಾರ ಸಮಿತಿ ತೀರ್ಮಾನ ಮಾಡಿದೆ, ಇಂದು ಕಾರ್ಯದರ್ಶಿ ಅದನ್ನು ಬೋರ್ಡಿಗೆ ಅಂಟಿಸಿದ್ದಾರೆ. ಇದನ್ನು ನನಗೆ ತಿಳಿಸಿದವರು ಅಪ್ಪನ ಮೇಸ್ತ್ರಿ. ನಾನು ಪತ್ರಿಕೆ ಕಚೇರಿಗೆ ಹೊರಟಿದ್ದಾಗ ಸಂಘದ ಗೇಟಿನ ಹತ್ತಿರ ತಡೆದು, “ನೋಡಮ್ಮಾ, ಮೂವತ್ತು ವರ್ಷದಿಂದ ತೇಲಣ್ಣಾ ಅಂತ ಕೂಗ್ತಿದ್ದೀನಿ. ಇನ್ಮೇಲೆ ನಿಮ್ಮಪ್ಪನ್ನ ಏನಂತ ಕೂಗ್ಬೇಕು, ನೀನೇ ಹೇಳ್ಕೊಡು” ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಬೆನ್ನ ಹಿಂದೆ ನಿಂತು ಓದಿ, “ಮೊದಲು ಅವನ ಕೆಮ್ಮು ಹೇಗಿದೆ ಅಂತ ಕೇಳು, ಆಮೇಲೆ ಬೈಯುವೆಯಂತೆ” ಎಂದಳು. ಕೇಳುತ್ತಿದ್ದೇನೆ. ಕೆಮ್ಮು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಆ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದು ಹೋದ ಸಲ ನೀನು ಬರೆದಿದ್ದೆ. ಕಿಟಕಿ ಮಾಡುವವನ ಮಗ ಮುಚ್ಚದ ಕಿಟಕಿಯ ಪಕ್ಕ ಮಲಗಿ ಕೆಮ್ಮುವುದನ್ನು ಯಾರಿಗಾದರೂ ಹೇಳಿದರೆ ನಂಬುತ್ತಾರೆಯೇ? ಚೌಕಟ್ಟಿನ ಕೆಳಗಿನ ಮೂಲೆ ಉಬ್ಬಿರುತ್ತದೆ, ಅಲ್ಲಿ ಮರಳು ಕಾಗದದಿಂದ ಎರಡು ಸಲ ಉಜ್ಜು ಎಂದು ಅಪ್ಪ ಹೇಳಿ ತಿಂಗಳಾಯಿತು. ನೀನು ಉಜ್ಜಿರುವುದಿಲ್ಲ, ಗೊತ್ತು. ಭಾಷೆ ಬಾರದೆ ಬಂದವರಿಗೆ ಪಾಠ ಹೇಳಿ ನಿನ್ನ ಗಂಟಲು ಹೋಗಿರಬೇಕು, ಅದಕ್ಕೂ ಬಿಸಿನೀರು ಕುಡಿ. ಇಲ್ಲಿ ಅಮ್ಮನ ಮೊಣಕಾಲು ಎಂದಿನಂತಿದೆ, ಅಂದರೆ ಮೆಟ್ಟಿಲು ಹತ್ತುವಾಗ ನೋಯುತ್ತದೆ, ಪಕ್ಕದ ಮನೆಗೆ ಹರಟೆಗೆ ಹೋಗುವಾಗ ನೋಯುವುದಿಲ್ಲ. ನಾನು ಚೆನ್ನಾಗಿದ್ದೇನೆ, ಬಲಗಾಲಿನ ಮುಂಗಾಲಿಗೆ ಬಿದ್ದ ಏಟೊಂದು ಬಿಟ್ಟು. ಅದರ ಕಾರಣವೂ ನೀನೇ, ಮುಂದೆ ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ಹಾಗೆ ಮಾಡಲಾಗುವುದಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಾನು ನಿನಗೆ ಬರೆದದ್ದು ಸುದ್ದಿ. ಅದರಿಂದ ದೂರು ಮಾಡಿದ್ದು ನೀನು. ಪಾಲಿಶ್ ವಿಭಾಗಕ್ಕೆ ಹೋದ ವರ್ಷ ಸೇರಿದ ಹುಡುಗಿ, ಚಿಕ್ಕಮ್ಮನ ಜೊತೆ ಎಲ್ಲಿಂದಲೋ ಬಂದವಳು, ಮಧ್ಯಾಹ್ನ ಕುಡಿಯುವ ನೀರಿನ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಗರಗಸದ ವಿಭಾಗದ ದಪ್ಪ ಮೀಸೆಯವನು ಅವಳ ಬಾಟಲಿಯನ್ನು ಮೊಣಕೈಯಿಂದ ಸರಿಸಿ, “ತೇಲುಮರ ಹಿಂದೆ ನಿಲ್ಲಲಿ, ಮೊದಲು ಇಲ್ಲಿನವರಿಗೆ” ಎಂದ. ಸಾಲಿಗೆ ಸಾಲೇ ನಕ್ಕಿತು. ಅವಳು ನೀರು ಹಿಡಿಯದೆ ಹೋದಳು. ಅಂದಿನಿಂದ ಮನೆಯಿಂದಲೇ ಎರಡು ಬಾಟಲಿ ಹೊತ್ತು ತರುತ್ತಾಳೆ. ಇದನ್ನು ನಾನು ನಾಲ್ಕು ಸಾಲಿನಲ್ಲಿ ಬರೆದಿದ್ದೆ, ಅಮ್ಮ ಹೊಸ ಪರದೆ ಹಾಕಿಸಿದ ಸುದ್ದಿಗೂ ಬೆಕ್ಕು ಮರಿ ಹಾಕಿದ ಸುದ್ದಿಗೂ ನಡುವೆ. ನೀನು ಪರದೆ ಬಿಟ್ಟೆ, ಬೆಕ್ಕು ಬಿಟ್ಟೆ, ಈ ನಾಲ್ಕು ಸಾಲು ಹಿಡಿದುಕೊಂಡು ಸಮಿತಿಗೆ ಪುಟಗಟ್ಟಲೆ ಬರೆದೆ. ಸದಸ್ಯರ ಮಕ್ಕಳೂ ದೂರು ಕೊಡಬಹುದು ಎಂಬ ನಿಯಮ ನಿನಗೆ ಮಾತ್ರ ನೆನಪಿತ್ತು. ಬರೆಯುವ ಮೊದಲು ಅಪ್ಪನನ್ನು ಒಂದು ಮಾತು ಕೇಳಬೇಕು ಎಂದು ಮಾತ್ರ ನೆನಪಿರಲಿಲ್ಲ.

ಹೋದ ವಾರ ದೂರು ಚರ್ಚೆಗೆ ಬಂದ ಸಭೆಯಲ್ಲಿ ನಿನ್ನ ಹೆಸರು ಓದಲಿಲ್ಲ, ‘ಸದಸ್ಯರೊಬ್ಬರ ಕುಟುಂಬದವರು’ ಎಂದಷ್ಟೇ ಹೇಳಿದರು. ಉಳಿದದ್ದನ್ನೆಲ್ಲ ಕಾರ್ಯದರ್ಶಿ ನಿಂತು ಗಟ್ಟಿಯಾಗಿ ಓದಿದರಂತೆ, ಅಲ್ಪವಿರಾಮವನ್ನೂ ಬಿಡದೆ. ಅಪ್ಪ ಎರಡನೇ ಸಾಲಿನಲ್ಲಿ ಕೂತು ಕೇಳಿ ಬಂದಿದ್ದರು. ಊಟಕ್ಕೆ ಕೂತಾಗ, “ಯಾವನೋ ಓದಿದವನು ಬರೆದಿದ್ದಾನೆ. ಪರದೇಶಿ ಅಂದ್ರೆ ಮೊದಲು ಬೇರೆ ದೇಶದವನು ಅಂತಷ್ಟೇ ಇತ್ತಂತೆ. ಆಮೇಲೆ ದಿಕ್ಕಿಲ್ಲದವನು ಅಂತ ಆಯ್ತಂತೆ. ಬಂದವನು ಅನ್ನೋದೇ ಬೈಗುಳ ಆಗೋ ದಾರಿ ಅದು ಅಂತೆ” ಎಂದು ಹೇಳಿ, ಮಜ್ಜಿಗೆ ಲೋಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟರು. ಬರೆದವನು ಯಾರೆಂದು ನನಗೆ ಗೊತ್ತಿತ್ತು, ಹಸಿವಿಲ್ಲದಿದ್ದರೂ ಇನ್ನಷ್ಟು ಅನ್ನ ಬಡಿಸಿಕೊಂಡೆ. ಅಮ್ಮ, “ಬರೆದವನಿಗೆ ಬೇರೆ ಕೆಲಸ ಇಲ್ವಾ?” ಎಂದಳು. ಅವಳಿಗೂ ಆಗ ಗೊತ್ತಿರಲಿಲ್ಲ. ಆಮೇಲೆ ನಾನು ಪಾತ್ರೆ ತೊಳೆಯುವಾಗ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ನೀರಿಗೆ ಹಾಕಿ, “ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಾನೆ, ಇನ್ಯಾರು ಬರೀತಾರೆ” ಎಂದಳು.

ನಿನ್ನ ದೂರಿನ ಒಂದು ಭಾಗದ ಬಗ್ಗೆ ನನಗೆ ತಕರಾರಿದೆ. ‘ನೀರಲ್ಲಿ ತೇಲುವುದು ತೂಕವಿಲ್ಲದ್ದು, ಆದ್ದರಿಂದ ಬೆಲೆಯಿಲ್ಲದವರು ಎಂಬುದೇ ಈ ಪದದ ಮೂಲ ಅರ್ಥ’ ಎಂದು ಬರೆದಿದ್ದೀಯ. ಯಾರು ಹೇಳಿದರು ನಿನಗೆ? ನಾನು ಹೋದ ವಾರವೆಲ್ಲ ವಿಚಾರಿಸಿದೆ. ಮೇಸ್ತ್ರಿಯ ಪ್ರಕಾರ, ಹಿಂದೆ ಹೊಳೆಯಲ್ಲಿ ಮರ ತೇಲಿಸಿ ತರುತ್ತಿದ್ದಾಗ ಪ್ರತಿ ದಿಮ್ಮಿಯ ತುದಿಗೂ ಮಾಲೀಕನ ಮುದ್ರೆ ಹೊಡೆದಿರುತ್ತಿತ್ತು. ಮುದ್ರೆಯಿಲ್ಲದೆ ಬಂದ ದಿಮ್ಮಿ ತೇಲುಮರ, ಅದನ್ನು ದಡಕ್ಕೆ ಎಳೆದವನಿಗೇ ಅದು ಸೇರುತ್ತಿತ್ತು. ಅಮ್ಮನ ದೊಡ್ಡಪ್ಪ ಹೇಳುತ್ತಿದ್ದದ್ದು ಬೇರೆ: ದೊಡ್ಡ ನೆರೆ ಬಂದ ವರ್ಷ ಮೇಲಿನ ಹಳ್ಳಿಗಳ ಜನ ದಿಮ್ಮಿ ಹಿಡಿದುಕೊಂಡು ಇಲ್ಲಿಗೆ ಬಂದು ಸೇರಿದರಂತೆ, ಅವರನ್ನು ಮೊದಲು ಹಾಗೆ ಕರೆದರಂತೆ. ದಪ್ಪ ಮೀಸೆಯವನನ್ನು ಕೇಳಿದರೆ, “ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಿಲ್ಲೋ ಜಾತಿ ಅಲ್ಲ ಅದು, ಅದಕ್ಕೇ ಆ ಹೆಸರು” ಎನ್ನುತ್ತಾನೆ. ಎಳೆದುಕೊಂಡವರು ಒಂದು ಮೂಲ ಹೇಳುತ್ತಾರೆ, ಮರುಕಪಡುವವರು ಒಂದು, ತಳ್ಳುವವರು ಒಂದು. ಮೂರಕ್ಕೂ ಸಾಕ್ಷಿಯಿಲ್ಲ. ನಮ್ಮ ಪತ್ರಿಕೆಯ ಜಾಹೀರಾತು ಕಿಟಕಿಯಲ್ಲಿ ಕಳೆದುಹೋದ ನಾಯಿಯ ಬಗ್ಗೆ ಪ್ರಕಟಣೆ ಕೊಡಲು ಬಂದವರನ್ನೂ ನಾನು ಯಾವಾಗ, ಎಲ್ಲಿ, ನೋಡಿದವರು ಯಾರು ಎಂದು ಕೇಳುತ್ತೇನೆ. ನೀನು ಒಂದು ಪದದ ಬಗ್ಗೆ ಅಷ್ಟೂ ಕೇಳಲಿಲ್ಲ.

ಬಳಕೆಯ ವಿಷಯಕ್ಕೆ ಬಂದರೆ ನೀನು ಬರೆದದ್ದು ಸರಿ, ಇಲ್ಲವೆನ್ನುವುದಿಲ್ಲ. ಮೇಸ್ತ್ರಿ “ತೇಲಣ್ಣಾ, ಟೀ ಆರಿಹೋಗ್ತಿದೆ” ಎಂದರೆ ಅದು ಒಂದು. ಸಂಬಳದ ಗುಮಾಸ್ತ ಕತ್ತೆತ್ತದೆ “ತೇಲಿಬಂದೋರೆಲ್ಲ ಕೊನೆಗೆ ಬನ್ನಿ” ಎಂದರೆ ಅದು ಇನ್ನೊಂದು. ಹೊರಗಿನಿಂದ ಬಂದವರಿಗೆ ಗಂಟಿನ ಮರ ಮತ್ತು ಬಾಗಿಲ ಪಕ್ಕದ ಮೇಜು, ಇದು ಅಲ್ಲಿ ಬರೆಯದ ಕಾನೂನು. ಬಾಗಿಲ ಪಕ್ಕ ಗಾಳಿ ನುಗ್ಗುತ್ತದೆ, ಚಳಿಗಾಲದಲ್ಲಿ ಅಂಟು ಬೇಗ ಹಿಡಿಯುವುದಿಲ್ಲ, ಉಳಿದವರು ಮೂರು ಚೌಕಟ್ಟು ಮುಗಿಸಿದರೆ ಅಲ್ಲಿದ್ದವನದು ಎರಡೇ. ಅಪ್ಪ ಆ ಮೇಜಿಗೆ ಬಂದದ್ದು ಹಾಗೆ. ಅಮ್ಮನ ಅಣ್ಣಂದಿರು ಮದುವೆಗೆ ಒಪ್ಪದೆ, “ಬುಡ ಗೊತ್ತಿಲ್ಲದ ತೇಲುಮರಕ್ಕೆ ನಮ್ಮ ಹುಡುಗೀನ ಕೊಡ್ತೀವಾ?” ಎಂದದ್ದನ್ನು ಅಮ್ಮ ಈಗಲೂ ಅವರದೇ ದನಿಯಲ್ಲಿ ಅಣಕಿಸುತ್ತಾಳೆ. ಅದೇ ಅಮ್ಮ ಜಗಳವಾಡಿದಾಗ “ಹೋಗಿ, ತೇಲ್ಕೊಂಡು ಹೋಗಿ” ಎನ್ನುತ್ತಾಳೆ, ಅಪ್ಪ “ನೀನು ದಡದಲ್ಲಿ ಕಾಲು ಚಾಚ್ಕೊಂಡು ಕೂತಿದ್ದೆ, ತಾಗಿ ನಿಂತುಬಿಟ್ಟೆ” ಎನ್ನುತ್ತಾರೆ. ಶಾಲೆಯಲ್ಲಿ ನಿನ್ನನ್ನು ‘ತೇಲುಮರಿ’ ಎಂದರು, ನೀನು ಕೈ ಮಾಡಿದೆ, ಅಂಗಿ ಹರಿದುಕೊಂಡು ಬಂದೆ. ನನ್ನನ್ನೂ ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಥವಾ ಹಾಕಿಕೊಂಡದ್ದನ್ನು ತೋರಿಸಲಿಲ್ಲ. ಹಾಗಾಗಿ ಈ ಪದ ನಿನ್ನೊಬ್ಬನ ಆಸ್ತಿಯಂತೆ ಮಾತಾಡಬೇಡ.

ಈಗ ನಿನ್ನ ಗೆಲುವಿನಿಂದ ಏನೇನಾಯಿತು, ಕೇಳು. ಒಂದು ಪದ ತೆಗೆದರೆ ಅಲ್ಲಿ ಇನ್ನೊಂದು ಇಡಬೇಕಲ್ಲ, ಕಾರ್ಯದರ್ಶಿ ಯೋಚಿಸಿ ಯೋಚಿಸಿ ‘ಅನ್ಯಸ್ಥಳಾಗತ ಸದಸ್ಯರು’ ಎಂದು ಬರೆದರು. ಬೋರ್ಡಿನಲ್ಲಿ ಅದನ್ನು ಓದುವುದಕ್ಕೇ ಬೆಳಿಗ್ಗೆ ಗುಂಪು ಕೂಡಿತ್ತಂತೆ. ಮೊದಲ ಟೀ ಹೊತ್ತಿಗೆ ಅದು ‘ಅನ್ಯಸ್ಥಳ’ ಆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ, “ಏ ಅನ್ಯಸ್ಥಳ, ಆ ಅಂಟಿನ ಡಬ್ಬ ಇತ್ಲಾಗೆ ತಳ್ಳೋ” ಎಂದು ಗರಗಸದ ವಿಭಾಗದಿಂದ ಕೂಗು ಬಂತು. ಕಾರ್ಯದರ್ಶಿ ಓಡಿಬಂದರೆ ದಪ್ಪ ಮೀಸೆಯವನು, “ನೀವೇ ಬರೆದಿದ್ದಲ್ವಾ ಸಾರ್, ಪೂರ್ತಿ ಹೇಳೋಷ್ಟರಲ್ಲಿ ಅಂಟು ಒಣಗಿಹೋಗುತ್ತೆ” ಎಂದನಂತೆ. ಸಂಜೆ ನಾನು ಬಸ್ಸಿಗೆ ನಿಂತಾಗ ಪಾಲಿಶ್ ಹುಡುಗಿ ಸಿಕ್ಕಳು. ಉಗುರುಗಳ ಸುತ್ತ ಮೇಣದ ಬಣ್ಣ, ಚೀಲದಲ್ಲಿ ಎರಡು ಬಾಟಲಿ. ಈಗ ಪರವಾಗಿಲ್ಲವೇ ಎಂದು ಕೇಳಿದೆ. “ಆ ಮಾತು ಹೋಯ್ತಲ್ಲಕ್ಕಾ, ಅಷ್ಟು ಸಾಕು. ಹೊಸದನ್ನ ಹೇಳೋವಾಗ್ಲೂ ಮುಖ ಹಾಗೇ ಮಾಡ್ತಾರೆ. ಆದ್ರೆ ಮಾಡೋ ಮುಂಚೆ ಆಚೆ ಈಚೆ ನೋಡ್ತಾರೆ” ಎಂದಳು. ಹಾಗೆ ನೋಡುವುದೂ ಒಂದು ಲಾಭವೇ ಎಂದು ಅವಳ ಲೆಕ್ಕ. ಅವಳ ಲೆಕ್ಕ ತಪ್ಪಲ್ಲ. ಆದ್ದರಿಂದಲೇ ದೂರು ವಾಪಸು ತೆಗೆದುಕೋ ಎಂದು ನಿನಗೆ ಬರೆಯುತ್ತಿಲ್ಲ. ಬರೆಯುವಂತಿದ್ದರೆ ಈ ಕಾಗದ ಎರಡೇ ಸಾಲಿನಲ್ಲಿ ಮುಗಿಯುತ್ತಿತ್ತು.

ಕಷ್ಟ ಇರುವುದು ಅಪ್ಪನ ಮೇಜಿನದು. ಈ ಶನಿವಾರ ಅಪ್ಪ ನಿವೃತ್ತರಾಗುತ್ತಾರೆ, ಅದು ನಿನಗೆ ಗೊತ್ತು. ಶೆಡ್ಡಿನ ಪದ್ಧತಿಯೂ ಗೊತ್ತು, ಆದರೆ ದೂರು ಬರೆಯುವಾಗ ನಿನ್ನ ತಲೆಯಲ್ಲಿ ಇರಲಿಲ್ಲ ಎಂದು ಕಾಣುತ್ತದೆ, ಹಾಗಾಗಿ ನೆನಪಿಸುತ್ತೇನೆ. ಅಲ್ಲಿ ಕೆಲಸ ಬಿಟ್ಟು ಹೋಗುವವನ ಹೆಸರನ್ನು ಅವನು ನಿಂತು ದುಡಿದ ಮೇಜಿನ ಅಂಚಿನ ಮೇಲೆ ಕಾಯಿಸಿದ ಕಬ್ಬಿಣದ ಅಚ್ಚಿನಿಂದ ಸುಡುತ್ತಾರೆ. ಶೆಡ್ಡಿನಲ್ಲಿ ಅವನನ್ನು ಏನೆಂದು ಕರೆಯುತ್ತಿದ್ದರೋ ಅದೇ ಹೆಸರು, ದಾಖಲೆಯ ಹೆಸರಲ್ಲ. ಅಪ್ಪನ ಮೇಜಿನಲ್ಲಿ ಈಗ ಮೂರಿವೆ. ಕೆಲಸದ ನಡುವೆ ಬಾಯಲ್ಲಿ ಸೀಟಿ ಹೊಡೆಯುತ್ತಿದ್ದ ‘ಸೀಟಿ’, ಯಾವಾಗಲೂ ಮರದ ಗಂಟನ್ನು ಬೈಯುತ್ತಿದ್ದ ‘ಗಂಟು’, ಏನೂ ಮಾತಾಡದಿದ್ದ ‘ಮೌನಿ’. ನಾವು ಚಿಕ್ಕವರಿದ್ದಾಗ ಅಪ್ಪನಿಗೆ ಊಟ ಕೊಡಲು ಹೋದರೆ ಆ ಅಕ್ಷರಗಳೊಳಗೆ ಬೆರಳು ಆಡಿಸುತ್ತಿದ್ದೆವು. ನೀನು ಓದಲು ಕಲಿತದ್ದು ಪುಸ್ತಕದಿಂದಲ್ಲ, ‘ಗಂಟು’ ಎಂಬುದರಿಂದ. ಮೌನಿಯ ಪಕ್ಕದಲ್ಲಿ ಒಂದು ಗೇಣು ಜಾಗ ಖಾಲಿ ಇದೆ. ಅದು ಅಪ್ಪನದು ಎಂದು ಶೆಡ್ಡಿಗೆಲ್ಲ ಗೊತ್ತು. ಕಿಟಕಿ ಪಕ್ಕದ ಒಳ್ಳೆ ಮೇಜು ಖಾಲಿಯಾದಾಗ ಅಪ್ಪ ಅಲ್ಲಿಗೆ ಹೋಗದೆ ಇದ್ದದ್ದಕ್ಕೆ ಆ ಒಂದು ಗೇಣು ಜಾಗವೇ ಕಾರಣ ಎಂದು ಮೇಸ್ತ್ರಿ ಹೇಳುತ್ತಾರೆ.

ಸಮಿತಿಯ ತೀರ್ಮಾನದಲ್ಲಿ ‘ಮಾತಿನಲ್ಲಾಗಲಿ ಬರಹದಲ್ಲಾಗಲಿ’ ಎಂದಿದೆ. ಅಷ್ಟನ್ನೂ ನಿನ್ನ ದೂರಿನಿಂದಲೇ ಎತ್ತಿಕೊಂಡಿದ್ದಾರೆ. ಕಾರ್ಯದರ್ಶಿ ಅದನ್ನು ಓದಿ, ಸುಡುವುದೂ ಬರಹವೇ ಎಂದು ತೀರ್ಪು ಕೊಟ್ಟರು. ಇಂದು ಬೆಳಿಗ್ಗೆ ಒಬ್ಬ ಬಣ್ಣದ ಡಬ್ಬ ಹಿಡಿದು ಬಂದು, ಅಪ್ಪ ಅಂಗಿ ನೇತುಹಾಕುವ ಗೂಟದ ಮೇಲಿದ್ದ ‘ತೇಲಣ್ಣ’ ಎಂಬುದರ ಮೇಲೆ ಬೂದು ಬಣ್ಣ ಬಳಿದ. ಅಪ್ಪನ ಮರದ ಸುತ್ತಿಗೆಯ ಹಿಡಿಯ ಮೇಲಿದ್ದ ‘ತೇ’ ಎಂಬುದಕ್ಕೂ ಬಳಿದ. ಅದು ಒಣಗುವ ಮೊದಲೇ ಅಪ್ಪ ಹಿಡಿದರು, ಅಂಗೈಯೆಲ್ಲ ಬೂದು. ಮೇಜಿನ ಮೇಲೆ ದಾಖಲೆಯಲ್ಲಿರುವ ಪೂರ್ತಿ ಹೆಸರನ್ನು ಸುಡಿಸುತ್ತೇವೆ, ಅದೇ ಗೌರವ ಎಂದರಂತೆ ಕಾರ್ಯದರ್ಶಿ. ಆ ಹೆಸರಿನ ಗೌರವ ಎಷ್ಟಿದೆಯೆಂದರೆ, ಹೋದ ವಾರ ನಿವೃತ್ತಿಯ ಪ್ರಕಟಣೆಯನ್ನು ಅದೇ ಹೆಸರಿನಲ್ಲಿ ಬೋರ್ಡಿಗೆ ಹಾಕಿದಾಗ ಇಡೀ ಶೆಡ್ಡಿನಲ್ಲಿ ಒಬ್ಬರಿಗೂ ಅದು ಯಾರೆಂದು ತಿಳಿಯಲಿಲ್ಲ. ಕಚೇರಿಯ ಯಾರೋ ಗುಮಾಸ್ತ ಇರಬೇಕು ಎಂದುಕೊಂಡರು. ಗಾಜು ಕೂರಿಸುವವನು ಅಪ್ಪನ ಬಳಿಗೇ ಬಂದು, “ಯಾರು ಮಾಮಾ ಇದು, ಶನಿವಾರ ಹೋಗ್ತಿರೋದು? ನಿಮಗೇನಾದ್ರೂ ಪರಿಚಯಾನಾ?” ಎಂದು ಕೇಳಿದ. ಅಪ್ಪ ಬೋರ್ಡನ್ನು ಮತ್ತೊಮ್ಮೆ ಓದಿ, “ಹೆಸರು ಕೇಳಿದ ಹಾಗಿದೆ” ಎಂದರಂತೆ. ಅಮ್ಮ ಇದನ್ನು ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಆಮೇಲೆ ಒರೆಸಿಕೊಳ್ಳುವುದು ನಿಲ್ಲಲಿಲ್ಲ. “ನಾನು ಕಟ್ಕೊಂಡಿದ್ದೂ ಆ ಬೋರ್ಡಿನವರನ್ನಲ್ಲ” ಎಂದಳು.

ಅಪ್ಪ ಏನು ಮಾಡಿದರು? ಜಗಳ ಮಾಡಿದ್ದರೆ ಚೆನ್ನಾಗಿತ್ತು. “ಹಾಗಾದರೆ ಏನೂ ಸುಡಬೇಡಿ” ಎಂದು ಹೇಳಿ, ಶನಿವಾರದವರೆಗೆ ಸಂಘದ ಉಪಕರಣಗಳಲ್ಲೇ ಕೆಲಸ ಮಾಡುತ್ತೇನೆಂದು, ತಮ್ಮ ಉಪಕರಣದ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಹಾಕಿಸಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಆ ಪೆಟ್ಟಿಗೆ ಯಾವುದೆಂದು ನಿನಗೆ ಗೊತ್ತು, ನಾವಿಬ್ಬರೂ ಒಳಗೆ ಅಡಗಿ ಕೂರಬಹುದಾಗಿದ್ದದ್ದು. ಅದೀಗ ಬಾಗಿಲು ಮತ್ತು ಅಡುಗೆಮನೆಯ ನಡುವಿನ ಓಣಿಯಲ್ಲಿ ಅಡ್ಡ ಕೂತಿದೆ. ಅದನ್ನು ಒಳಗೆ ತಳ್ಳಲು ಅಪ್ಪ ಬಿಡುವುದಿಲ್ಲ, ತೆರೆಯುವುದೂ ಇಲ್ಲ. ನನ್ನ ಮುಂಗಾಲಿನ ಏಟು ಅದರದೇ ಹಿತ್ತಾಳೆ ಮೂಲೆಯದು. ಅಮ್ಮ ಅದರ ಮೇಲೆ ಒಗೆದ ಬಟ್ಟೆ ಮಡಿಸಿಡಲು ಶುರು ಮಾಡಿದ್ದಾಳೆ. ಅಪ್ಪ ಸಂಜೆ ಕೆಲಸದಿಂದ ಬಂದವರೇ ಅದರ ತುದಿಯಲ್ಲಿ ಕೂತು ದಿನಪತ್ರಿಕೆ ಓದುತ್ತಿದ್ದಾರೆ. ಓದುತ್ತಿದ್ದಾರೆ ಎನ್ನುವುದು ಒಂದು ಮಾತಿಗೆ. ಪುಟ ಮಗುಚಿದ ಸದ್ದು ನನಗೆ ಕೇಳಿಸಿಲ್ಲ. “ಅಪ್ಪಾ, ದಾಖಲೆಯ ಹೆಸರೂ ನಿಮ್ಮದೇ ಅಲ್ಲವಾ, ಅದರಲ್ಲೇನು ತಪ್ಪು?” ಎಂದು ಕೇಳಿದೆ. “ಬಿಡು” ಎಂದರು. “ಹಾಗಾದರೆ ಸಮಿತಿಗೆ ಹೋಗಿ ನಿಮ್ಮ ಮಾತು ಹೇಳಿ” ಎಂದೆ. “ಬಿಡು ಅಂದೆ” ಎಂದರು. ಎರಡನೆಯದರಲ್ಲಿ ಒಂದು ಪದ ಜಾಸ್ತಿ, ಪ್ರಗತಿ ಅಷ್ಟೇ.

ನಿಮ್ಮಿಬ್ಬರ ನಡುವೆ ನನಗೆ ಸಾಕಾಗಿ ಹೋಗಿದೆ ಕಣೋ. ನೀನು ಅಪ್ಪನ ಪರವಾಗಿ ಎಂದು ಬರೆದೆ, ಅಪ್ಪನ ಮೇಜು ಬರಿದಾಯಿತು. ಅಪ್ಪನಿಗೆ ಆ ಹೆಸರಿನ ಮೇಲೆ ಅಷ್ಟು ಪ್ರೀತಿಯಿದ್ದರೆ ಬಾಯಿಬಿಟ್ಟು ಒಂದು ಸಲ ಹೇಳಬಹುದಿತ್ತು, ಹೇಳಲಿಲ್ಲ. ಬೇಡ ಎಂದು ನೀನು, ಬಿಡು ಎಂದು ಅಪ್ಪ, ನಡುವೆ ಎಡವಿ ಬೀಳುವವಳು ನಾನು. ಒಂದೇ ಪದ ಒಬ್ಬಳ ನೀರಿನ ಬಾಟಲಿಯನ್ನು ತಳ್ಳಲೂ ಬಳಕೆಯಾಯಿತು, ಒಬ್ಬ ಮನುಷ್ಯನ ಇಡೀ ದುಡಿಮೆಯ ಹೆಸರೂ ಆಯಿತು. ಇವೆರಡನ್ನೂ ಒಂದೇ ಕುಂಚದಲ್ಲಿ ಬಳಿಯಲು ಬರುವುದಿಲ್ಲ ಎಂಬುದು ಶೆಡ್ಡಿನಲ್ಲಿ ಬಣ್ಣ ಬಳಿಯುವವನಿಗೂ ಗೊತ್ತಾಗಬೇಕಿತ್ತು, ಭಾಷೆ ಕಲಿಸುವ ನಿನಗೂ ಗೊತ್ತಾಗಬೇಕಿತ್ತು.

ಮೇಸ್ತ್ರಿ ಒಂದು ದಾರಿ ಹೇಳಿದ್ದಾರೆ. ತೀರ್ಮಾನವಾದ ಮೇಲೆ ಬರುವ ಮೊದಲ ಸಭೆಯಲ್ಲಿ ದೂರು ಕೊಟ್ಟವರು ಅದಕ್ಕೆ ತಿದ್ದುಪಡಿ ಕೇಳಬಹುದು, ಬಂದಾದರೂ ಸರಿ, ಬರೆದಾದರೂ ಸರಿ. ಬೇರೆ ಯಾರು ಕೇಳಿದರೂ ಕಾರ್ಯದರ್ಶಿ ಒಪ್ಪುವುದಿಲ್ಲ. ಆ ಸಭೆ ಶುಕ್ರವಾರ. ಆದ್ದರಿಂದ ಈ ಕಾಗದ ಸಿಕ್ಕ ಕೂಡಲೇ ಸಮಿತಿಗೆ ಎರಡು ಸಾಲು ಬರೆದು ಕಳಿಸು. ಪುಟಗಟ್ಟಲೆ ಬೇಡ, ಪದದ ಮೂಲ ಬೇಡ, ಎರಡೇ ಸಾಲು: ಬಾಯಲ್ಲಿ ಕರೆಯುವುದಕ್ಕೆ ನಿಷೇಧ ಹಾಗೇ ಇರಲಿ, ಮೇಜಿನ ಅಂಚಿಗೆ ಆ ನಿಷೇಧ ಬೇಡ. ಮೇಸ್ತ್ರಿ ‘ತೇಲಣ್ಣ’ ಎಂಬುದಕ್ಕೆ ಬೇಕಾದ ಅಚ್ಚುಗಳನ್ನು ಆಗಲೇ ಹುಡುಕಿ ಎಣ್ಣೆ ಹಚ್ಚಿ ಇಟ್ಟಿದ್ದಾರೆ. ನಿನ್ನ ಹೆಸರು ಗೊತ್ತಾಗುತ್ತದೆ ಎಂದು ಹಿಂಜರಿಯಬೇಡ. ಬರೆಯುವ ಧೈರ್ಯವಿದ್ದವನಿಗೆ ಸಹಿ ಹಾಕುವ ಧೈರ್ಯವೂ ಇರಲಿ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬೈಗುಳವನ್ನೂ ಹೇಳಿದ್ದಾಳೆ. ಎರಡರಲ್ಲಿ ಮೊದಲನೆಯದನ್ನು ಮಾತ್ರ ಬರಿ ಎಂದಳು. ಬೆಕ್ಕಿನ ಮರಿಗಳಲ್ಲಿ ಒಂದನ್ನು ನಿನಗೆಂದು ಇಟ್ಟುಕೊಂಡಿದ್ದಾಳೆ, ಅದನ್ನು ನೀನು ಅಲ್ಲಿಗೆ ಹೇಗೆ ಒಯ್ಯುತ್ತೀಯ ಎಂದು ಯಾರೂ ಕೇಳುವಂತಿಲ್ಲ. ಮೈ ಚೆನ್ನಾಗಿ ನೋಡಿಕೋ. ಆ ಕಿಟಕಿಯ ಮೂಲೆ ಉಜ್ಜು. ಸಿಟ್ಟಿದ್ದರೂ ನಿನಗೆ ಒಳ್ಳೆಯದೇ ಆಗಲಿ ಎನ್ನುವ,

ನಿನ್ನ ಅಕ್ಕ

ಇನ್ನೊಂದು ಮಾತು, ಅವಸರದಲ್ಲಿ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಪೆಟ್ಟಿಗೆಯ ಮೇಲಿಂದಲೇ, “ಅವನಿಗಾ?” ಎಂದು ಕೇಳಿದರು. ಹೌದೆಂದೆ. “ದೂರು ಬರೆದವನು ಅವನೇ ಅಂತ ಎರಡನೇ ಸಾಲಿಗೇ ಗೊತ್ತಾಯ್ತು. ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಅಂತೆ. ನನಗೆ ಬರೆಯೋ ಕಾಗದದಲ್ಲೂ ಹಾಗೇ ಬರೀತಾನೆ” ಎಂದರು. ಹಾಗಾದರೆ ಇಷ್ಟು ದಿನ ಯಾವನೋ ಓದಿದವನು ಎಂದದ್ದೇಕೆ ಎಂದರೆ, “ಸುಳ್ಳೇನಲ್ವಲ್ಲ” ಎಂದರು. ನಿಮಗೆ ಇಷ್ಟವಾದ ಹೆಸರನ್ನು ಉಳಿಸಲು ಅವನಿಗೆ ಬರೆಯುತ್ತಿದ್ದೇನೆ ಎಂದೆ. ಆಗ ಅಪ್ಪ ಪತ್ರಿಕೆ ಮಡಿಸಿ ಇಟ್ಟರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಇಷ್ಟ ಅಂತ ನಿನಗೆ ಯಾರು ಹೇಳಿದ್ದು? ಬಂದ ದಿನ ಆ ಬಾಗಿಲಲ್ಲಿ ನಿಂತು ನನ್ನ ಹೆಸರು ಹೇಳಿದೆ. ಒಬ್ಬನೂ ಕೇಳಿಸ್ಕೊಳ್ಳಲಿಲ್ಲ. ತೇಲುಮರ ಅಂದ್ರು. ‘ಅಣ್ಣ’ ಅಂತ ಸೇರಿಸಿದ್ದು ಎಷ್ಟೋ ವರ್ಷ ಆದ್ಮೇಲೆ. ಈಗ ಆ ಅಂಚಿನ ಮೇಲೆ ದಾಖಲೆ ಹೆಸರು ಸುಟ್ಟುಬಿಟ್ರೆ, ನಾಳೆ ಅಲ್ಲಿ ನಿಲ್ಲೋರು ಏನಂದ್ಕೋತಾರೆ? ಇವನನ್ನ ಮೊದಲಿಂದಲೂ ಹೆಸರು ಹಿಡಿದೇ ಕರೀತಿದ್ರು ಅಂತ. ಅವರು ಕರೆದೇ ಇಲ್ಲ. ಬಾಯಲ್ಲಿ ಬೇಡ, ಅವನು ಬರೆದಿದ್ದು ಸರಿ, ಆ ಹುಡುಗೀಗೆ ಇನ್ಯಾರೂ ಹಾಗನ್ನೋದು ಬೇಡ. ಮೇಜಿನ ಮೇಲೆ ಮಾತ್ರ ಇರಲಿ. ತೇಲಣ್ಣ ಅಲ್ಲ, ತೇಲುಮರ. ಮೊದಲ ದಿನ ಅಂದಿದ್ದು.”

ಮೇಲೆ ನಾನು ಅಪ್ಪನಿಗೆ ಆ ಹೆಸರಿನ ಮೇಲೆ ಪ್ರೀತಿ ಎಂದು ಬರೆದದ್ದನ್ನು ಹೊಡೆದುಹಾಕಲು ಈಗ ಸಮಯವಿಲ್ಲ, ನೀನೇ ಹೊಡೆದುಕೊಂಡು ಓದು. ಎರಡು ಸಾಲು ಬರೆದು ಕಳಿಸು ಎಂದದ್ದೂ ರದ್ದು. ತನ್ನ ಹೆಸರನ್ನು ತಾನೇ ಸುಡುವಂತಿಲ್ಲ, ಅಚ್ಚನ್ನು ಬೇರೆಯವರೇ ಹಿಡಿಯಬೇಕು. ಯಾರು ಹಿಡಿಯಬೇಕೆಂದು ಅಪ್ಪ ಮೇಸ್ತ್ರಿಗೆ ಹೇಳಬೇಕು, ಇನ್ನೂ ಹೇಳಿಲ್ಲ. ನನಗೆ ಹೇಳಿದರು: “ಆ ಮಾತಿಗೆ ಅಂಗಿ ಹರ್ಕೊಂಡೋನು ಬರಲಿ.” ಸಭೆ ಶುಕ್ರವಾರ ಸಂಜೆ ನಾಲ್ಕಕ್ಕೆ, ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಅಚ್ಚುಗಳನ್ನು ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಲೆಗೆ ಇಡುತ್ತಾರೆ.